ಕರಜಗಿಯ ಬಾಯಾರ ಮನಿ

‘ಕರಜಗಿ’ ಅಂದ ಕೂಡಲೆ ಕೇಳಿದವರು ‘ಯಾವ ಕರಜಗಿರೀ?’ ಎನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಹಾವೇರಿ ಹತ್ತಿರ ರೈಲು ನಿಲ್ಲುವ ಕರಜಗಿ ಒಂದಿದೆ. ಅಫಜಲಪುರ ತಾಲೂಕಿನದು ಇನ್ನೊಂದು, ಜತ್ತ ತಾಲೂಕಿನದು ಮತ್ತೊಂದು. ನಾನಿರುವುದು ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ಕರಜಗಿಯಲ್ಲಿ. ಮದುವೆಯಾದ ಹೊಸದರಲ್ಲಿ ನಮ್ಮವ್ವ ಪಿನ್ ಕೋಡ್ ಬರೆಯದೆ ಹಾಕಿದ ಕ್ರಿಸ್‌ಮಸ್ ಕಾರ್ಡು ಭೀಮಾ ನದಿಯ ಆಚೆ ದಂಡೆಗೆ ಹೋಗಿ, ಯಾರೋ ಪುಣ್ಯಾತ್ಮರು ತಿದ್ದಿ ಕಳಿಸಿ, ಸಂಕ್ರಾಂತಿಗೆ ನಮ್ಮ ಕೈಸೇರಿತ್ತು. ಎಳ್ಳು ಬೆಲ್ಲದ ಜೊತೆಗೇ ಅದನ್ನು ಓದಿದೆವು.

ನಾನು ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೊಳೆಯಾಚೆ ಇಂಡಿ, ಅಫಜಲಪುರ ಕಡೆ ನನ್ನಂಥವಳಿಗೆ ‘ಅಕ್ಕೋರು’ ಅನ್ನುತ್ತಾರೆ. ಈಚೆ ಮರಾಠಿ ಶಾಲೆಯ ರೂಢಿ ನಮಗೂ ಹತ್ತಿದೆ. ಮಕ್ಕಳಿಗೆ ನಾನು ‘ಬಾಯಿ’, ಊರಿಗೆ ‘ಬಾಯಾರು’. ಹೀಗಾಗಿ ನಮ್ಮದು ‘ಬಾಯಾರ ಮನಿ’. ಯಜಮಾನರು ಅಕ್ಕಲಕೋಟೆಯಲ್ಲಿ ಮರಾಠಿ ಹೈಸ್ಕೂಲಿನ ಗಣಿತದ ಸರ್. ಅಷ್ಟು ವರ್ಷ ಕಲಿಸಿದರೂ ನಮ್ಮ ಓಣಿಯಲ್ಲಿ ಅವರು ‘ಬಾಯಾರ ಮನಿಯವರು’ ಅಷ್ಟೆ! ಅದಕ್ಕೆ ಅವರು ಮೊದಮೊದಲು ಮುಖ ಸಣ್ಣ ಮಾಡುತ್ತಿದ್ದರು. ಈಗ ಯಾರಾದರೂ ವಿಳಾಸ ಕೇಳಿದರೆ ತಾವೇ ಹಾಗೆ ಹೇಳುತ್ತಾರೆ.

ಎರಡು ಸಭೆ, ಎರಡು ಪುಸ್ತಕ

ನಾವು ಕ್ರೈಸ್ತರು. ನಮ್ಮಜ್ಜನ ಮನೆತನ ಗುಳೇದಗುಡ್ಡದ್ದು. ಖಣ ನೇಯುವ ಆ ಊರಿನಲ್ಲಿ ಬಾಸೆಲ್ ಮಿಶನ್ನಿನವರು 19ನೇ ಶತಮಾನದಲ್ಲೇ ಸಭೆ ಕಟ್ಟಿದ್ದರು. 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಅವರದೂ ಅದೇ ಮಿಶನ್. ಮಗ್ಗದ ಕೈಗೆ ಗಿರಣಿಯಲ್ಲಿ ಕೆಲಸ ಸಿಗುತ್ತದೆಂದು ಅಜ್ಜ ಸೊಲ್ಲಾಪುರಕ್ಕೆ ಬಂದ. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಕನ್ನಡ ಬೈಬಲ್ಲು. 1950ರಲ್ಲಿ ಸೊಲ್ಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಗಿರಣಿಯ ಪಾಳಿ ತಪ್ಪಿಸಿ ಹೋಗಿದ್ದನಂತೆ, ಅರ್ಧ ಪಗಾರ ಹೋಯಿತೆಂದು ಅಜ್ಜಿ ಬೈದಳಂತೆ. ನಮ್ಮ ಮನೆಯಲ್ಲಿ ಅದು ಇಂದಿಗೂ ಹೇಳುವ ಕಥೆ.

ಯಜಮಾನರ ಮನೆತನ ಸೊಲ್ಲಾಪುರದ ಮರಾಠಿ ಕ್ರೈಸ್ತರದು, ಅಮೇರಿಕನ್ ಮರಾಠಿ ಮಿಶನ್ನಿನ ಪರಂಪರೆ. ನನ್ನ ತವರಿನ ಸಭೆ 1947ರಲ್ಲಿ ಕೂಡಿದ ದಕ್ಷಿಣ ಭಾರತ ಸಭೆಯ ಕಡೆಯದು, ಅವರದು 1970ರಲ್ಲಿ ಕೂಡಿದ ಉತ್ತರ ಭಾರತ ಸಭೆಯದು. ಅಂದರೆ ರಾಜ್ಯದ ಗಡಿಯಷ್ಟೇ ಅಲ್ಲ, ಸಭೆಯ ಗಡಿಯೂ ನಮ್ಮ ಅಡಿಗೆಮನೆಯ ನಡುವೆಯೇ ಹಾದುಹೋಗಿದೆ. ಆದರೆ ಒಲೆ ಒಂದೇ.

ಮುಂಜಾನೆ ಐದೂವರೆಗೆ ನಾನು ರೊಟ್ಟಿಗೆ ಹಿಟ್ಟು ನಾದುವ ಹೊತ್ತಿಗೆ ಅವರು ಚಹಾ ಇಡುತ್ತಾರೆ. ಈ ಕೆಲಸ ಮದುವೆಯಾದ ಮರುದಿನದಿಂದ ಅವರದೇ. ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ. ನಾನು ಒಂದು ದಿನವೂ ಹೇಳಿಲ್ಲ. ಕುಡಿಯುತ್ತ ಒಂದು ಅಧ್ಯಾಯ ಓದುತ್ತೇವೆ, ಸೋಮವಾರ ಕನ್ನಡದಲ್ಲಿ, ಮಂಗಳವಾರ ಮರಾಠಿಯಲ್ಲಿ, ಹೀಗೆ ಪಾಳಿ. ಅವರ ‘ಉಪಾಸನಾ ಸಂಗೀತ’ದಿಂದ ಒಂದು ಮರಾಠಿ ಹಾಡು, ನನ್ನ ಪುಸ್ತಕದಿಂದ ಒಂದು ಕನ್ನಡ ಹಾಡು. ಅವರ ಕನ್ನಡದಲ್ಲಿ ‘ಳ’ಕ್ಕೆ ತೊಂದರೆಯಿಲ್ಲ, ಅದು ಮರಾಠಿಯಲ್ಲೂ ಇದೆ. ಹ್ರಸ್ವ ‘ಎ’, ‘ಒ’ ಮಾತ್ರ ಇನ್ನೂ ಬಾಯಿಗೆ ಹತ್ತಿಲ್ಲ. ‘ಒಲೆ’ ಹೋಗಿ ‘ಓಲೆ’ ಆಗುತ್ತದೆ. ‘ಓಲೆ ಮ್ಯಾಲ ಹಾಲ ಇಟ್ಟೀನಿ’ ಅಂದಾಗ ನಾನು, ಮಗಳು ಮುಖ ಮುಖ ನೋಡಿಕೊಳ್ಳುತ್ತೇವೆ. ನನ್ನ ಮರಾಠಿಯಲ್ಲಿ ಲಿಂಗ ತಪ್ಪುತ್ತದೆ, ಅವರು ನಗುತ್ತಾರೆ. ಲೆಕ್ಕ ಸರಿಹೋಗುತ್ತದೆ.

ರೊಟ್ಟಿ ಮಾಲದಂಡಿ ಜೋಳದ್ದು. ಈ ಭಾಗದ ರೈತರಿಗೆ ಮಾಲದಂಡಿಯ ಗುಣ ನಾನು ಹೇಳಬೇಕಿಲ್ಲ. ನಮ್ಮ ಜಿಲ್ಲೆಯ ಮೊಹೋಳದ ಸಂಶೋಧನ ಕೇಂದ್ರದಲ್ಲಿ 1930ರ ದಶಕದಲ್ಲಿ ಆಯ್ದ ಎಂ 35-1 ಇಷ್ಟು ವರ್ಷವಾದರೂ ಹಿಂಗಾರಿಯ ಹೊಲ ಬಿಟ್ಟು ಹೋಗಿಲ್ಲ. ಅದರ ಬಿಸಿ ರೊಟ್ಟಿ, ಒಳ್ಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟಿದ ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಪಗಾರದ ದಿನ ಹತ್ತಿರವಿದ್ದಾಗ ಇದು ಅನಿವಾರ್ಯ, ಪಗಾರ ಆದ ದಿನ ಇದೇ ಚೈನಿ.

‘ನೀವು ಯಾವ ಮಂದಿ?’

ಎಲ್ಲವೂ ಮೊದಲಿನಿಂದ ಹೀಗೇ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. 2009ರಲ್ಲಿ ಬಾಡಿಗೆ ಮನೆ ಹುಡುಕುವಾಗ ಎಲ್ಲ ಕಡೆ ಮೊದಲ ಪ್ರಶ್ನೆ ‘ಪಗಾರ ಎಷ್ಟು?’ ಅಲ್ಲ, ‘ನೀವು ಯಾವ ಮಂದಿ?’ ಎಂಬುದು. ಹೇಳಿದ ಮೇಲೆ ಒಂದಿಬ್ಬರ ಮನೆಗೆ ಇದ್ದಕ್ಕಿದ್ದಂತೆ ಊರಿಂದ ಅಳಿಯ ಬರುವವನಿದ್ದ. ಕೊನೆಗೆ ಒಬ್ಬ ಮುದುಕಮ್ಮ, ಕೊರಳಲ್ಲಿ ಲಿಂಗ ಕಟ್ಟಿದವರು, ‘ನಮ್ಮ ಮೊಮ್ಮಗಗ ಮಗ್ಗಿ ಕಲಸ್ತೀಯೇನವ್ವಾ?’ ಎಂದು ಕೇಳಿದರು. ‘ಕಲಸ್ತೀನ್ರಿ ಆಯಿ’ ಅಂದೆ. ‘ಹಂಗಿದ್ರ ಬಾ’ ಎಂದರು. ಕರಾರು ಪತ್ರ ಅಷ್ಟೆ.

ಆ ಆಯಿ ಮೊದಲ ವರ್ಷ ನಮ್ಮ ಮನೆಯ ಅಡಿಗೆ ಮುಟ್ಟಲಿಲ್ಲ. ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ಒಯ್ದರೆ ‘ಇಟ್ಟು ಹೋಗು’ ಎಂದರು, ಮಕ್ಕಳಿಗೆ ಹಂಚಿದರು. ಮರುವರ್ಷ ಸಕ್ಕರೆ, ಒಣಕೊಬ್ಬರಿ ಒಯ್ದೆ. ಅದನ್ನು ಬಾಯಿಗೆ ಹಾಕಿಕೊಂಡರು. ಮೂರನೇ ವರ್ಷ ಮಗಳು ಹುಟ್ಟಿದಾಗ ಬಾಣಂತನಕ್ಕೆ ನಮ್ಮವ್ವ ಬರುವುದು ಎರಡು ದಿನ ತಡವಾಯಿತು. ಆ ಎರಡು ದಿನ ಅಂಟಿನ ಉಂಡಿ ಕಟ್ಟಿ, ಕೂಸಿಗೆ ಎರೆದು, ನಮ್ಮ ಒಲೆಯ ಮೇಲೆಯೇ ಚಹಾ ಮಾಡಿ ನನ್ನೆದುರೇ ಕುಳಿತು ಕುಡಿದವರು ಅದೇ ಆಯಿ. ನಾನೇನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಇಂಥ ಮಾತು ಆಡಿದರೆ ಸಣ್ಣದಾಗುತ್ತದೆ.

ಕಟ್ಟೆಯ ಮೇಲಿನ ಕಚೇರಿ

ಸಂಜೆ ಆರರ ನಂತರ ನಮ್ಮ ಮನೆಯ ಕಟ್ಟೆಗೆ ಕಾಗದಗಳು ಬರುತ್ತವೆ. ಈ ಭಾಗದ ನಮ್ಮ ಜನ ಮಾತಿಗೆ ಎರಡೂ ಭಾಷೆಯವರು. ಸಂತೆಯಲ್ಲಿ ಎಮ್ಮೆಯ ರೇಟು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ನಾಲ್ಕು ಇಯತ್ತೆ ಓದಿ ಬಿಟ್ಟ ಹಿರಿಯರಿಗೆ ಸರಕಾರಿ ಮರಾಠಿ ಓದುವುದು ಕಷ್ಟ. ಲಿಪಿ ಬೇರೆ, ಕಚೇರಿಯ ಭಾಷೆ ಅದಕ್ಕೂ ಬೇರೆ.

ಹೆಚ್ಚಾಗಿ ಬರುವುದು ಸಾತಬಾರಾ ಉತಾರ. ‘ಇದರಾಗ ನನ್ನ ಹೆಸರ ಐತೇನ್ ನೋಡ್ರಿ ಸರ್’ ಎಂದು ತರುತ್ತಾರೆ. ಯಜಮಾನರು ಓದುತ್ತಾರೆ, ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಏಳನೇ ನಮೂನೆಯಲ್ಲಿ ಹೊಲ ಯಾರದು, ಬೋಜಾ ಎಷ್ಟು ಎಂಬುದು. ಹನ್ನೆರಡನೇ ನಮೂನೆಯಲ್ಲಿ ಏನು ಬೆಳೆದಿದ್ದೀರಿ ಎಂಬುದು. ಆಚೆ ಕರ್ನಾಟಕದ ಬೀಗರು ‘ಪಹಣಿ’ ಅನ್ನುವುದು ಹೆಚ್ಚುಕಡಿಮೆ ಇದಕ್ಕೇ. 2021ರಿಂದ ಬೆಳೆಯ ನೋಂದಣಿಯನ್ನು ರೈತನೇ ತನ್ನ ಮೊಬೈಲಿನಲ್ಲಿ ಮಾಡುವ ‘ಈ-ಪೀಕ ಪಾಹಣಿ’ ಬಂತು. ಆಗಂತೂ ಕಟ್ಟೆ ಜಾತ್ರೆಯಾಯಿತು. ತೊಗರಿ ಬಿತ್ತಿದವರು ತೊಗರಿಯ ಮುಂದೆ ನಿಂತು ಫೋಟೋ ತೆಗೆಯಬೇಕು. ಒಬ್ಬ ಹಿರಿಯರು ಹೊಸ ಪಟಗಾ ಸುತ್ತಿಕೊಂಡು, ಮೀಸೆ ತಿರುವಿ, ತಮ್ಮದೇ ಫೋಟೋ ತೆಗೆಸಿಕೊಂಡು ಬಂದಿದ್ದರು. ಬೆಳೆ ಒಂದು ಗಿಡವೂ ಕಾಣುತ್ತಿರಲಿಲ್ಲ! ‘ಬೆಳಿ ಬೆಳದಾಂವ ನಾನಽ ಅಲ್ಲೇನ್ರಿ?’ ಎಂದರು. ಅದಕ್ಕೆ ಏನು ಉತ್ತರ ಕೊಡುವುದು? ಮರುದಿನ ಮಗಳನ್ನು ಜೊತೆಗೆ ಕಳಿಸಿದೆ.

ಈ ಕೆಲಸಕ್ಕೆ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಸುಗ್ಗಿಯಲ್ಲಿ ಬಾಗಿಲ ಬಳಿ ಸೀತನಿ, ಹಸಿ ಕಡಲೆಗಿಡದ ಹೊರೆ, ಕಬ್ಬಿನ ಹಂಗಾಮಿನಲ್ಲಿ ನಾಲ್ಕು ಗಳ ತಾವೇ ಬಂದು ಕೂತಿರುತ್ತವೆ. ಇಟ್ಟವರ ಹೆಸರು ತಿಳಿಯುವುದಿಲ್ಲ.

ಅರವತ್ತು ಮತ್ತು ಅರವತ್ತೊಂದು

ಈಗ ಹೇಳಬೇಕಾದ ಮುಖ್ಯ ಮಾತು. 2017ರ ಜೂನಿನಲ್ಲಿ ಮಗಳಿಗೆ ಆರು ವರ್ಷ. ಅವಳನ್ನು ಎಲ್ಲಿ ಹಾಕುವುದು?

ಅತ್ತೆಯವರ ಅಭಿಪ್ರಾಯ ಮರಾಠಿ. ‘ಇರೋ ರಾಜ್ಯದ ಭಾಷೆ ಬೇಕಲ್ಲವೇ?’ ನಮ್ಮಣ್ಣನ ಅಭಿಪ್ರಾಯ ಇಂಗ್ಲಿಷು. ‘ಇಬ್ಬರೂ ಪಗಾರದವರು, ಕೂಸನ್ನ ಹಳ್ಳಿ ಸಾಲ್ಯಾಗ ಯಾಕ ಕೆಡಸ್ತೀರಿ?’ ತಂದೆಯ ಬೈಕಿನಲ್ಲೇ ಅಕ್ಕಲಕೋಟೆಗೆ ಹೋಗಿಬರಬಹುದಿತ್ತು. ನಿಜ ಹೇಳುತ್ತೇನೆ, ನಾನೂ ಅದಕ್ಕೇ ಒಪ್ಪಿದ್ದೆ. ಸಮವಸ್ತ್ರದ ಬಟ್ಟೆಯ ಬೆಲೆಯನ್ನೂ ಕೇಳಿಕೊಂಡು ಬಂದಿದ್ದೆ.

ನಾನು ಆಗ ಕಲಿಸುತ್ತಿದ್ದುದು ಕರಜಗಿ ಸುತ್ತಿನ ಒಂದು ವಸ್ತಿಯ ಶಾಲೆಯಲ್ಲಿ. ಆ ವರ್ಷ ಪಟ ಎಣಿಸಿದರೆ ಸರಿಯಾಗಿ 60 ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ಇಯತ್ತೆಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ನಾವು ಮೂವರಿದ್ದೆವು. ಮೂವರಲ್ಲಿ ಸೇವೆಯಲ್ಲಿ ಕಿರಿಯಳು ನಾನೇ. ಒಂದು ಮಗು ಕಡಿಮೆಯಾದ್ದಕ್ಕೆ ‘ಅತಿರಿಕ್ತ’ಳಾಗಿ ಬೇರೆ ಕಡೆ ಹೋಗುವವಳೂ ನಾನೇ.

ಆ ವಾರ ಒಬ್ಬ ತಾಯಿ ತಮ್ಮ ಹುಡುಗನ ದಾಖಲಾತಿಗೆ ಬಂದವರು ಬಾಗಿಲಲ್ಲೇ ನಿಂತು ಕೇಳಿದರು: ‘ಬಾಯಾರ, ನಿಮ್ಮ ಮಗಳು ಯಾವ ಸಾಲಿಗಿ ಹೋಗ್ತಾಳ್ರಿ?’ ಕೊಂಕಿನಿಂದ ಕೇಳಿದ್ದಲ್ಲ. ಹೊಸ ಬೀಜ ತರುವ ಮುಂಚೆ ಅಂಗಡಿಯವನಿಗೆ ‘ನಿಮ್ಮ ಹೊಲಕ್ಕ ಏನ್ ಬಿತ್ತೀರಿ?’ ಎಂದು ಕೇಳುತ್ತಾರಲ್ಲ, ಹಾಗೆ. ನನಗೆ ಉತ್ತರ ಬರಲಿಲ್ಲ. ‘ಇನ್ನೂ ನೋಡಬೇಕ್ರಿ’ ಎಂದೆ. ಅವರು ‘ಹಂಗಿದ್ರ ನಾನೂ ನೋಡ್ತೀನ್ರಿ’ ಎಂದು ಹುಡುಗನನ್ನು ಕರೆದುಕೊಂಡು ಹೊರಟೇಬಿಟ್ಟರು.

ರಾತ್ರಿ ಯಜಮಾನರಿಗೆ ‘ಮಗಳನ್ನ ನಮ್ಮ ಶಾಲೆಗೇ ಹಾಕೋಣ’ ಅಂದೆ. ಗಣಿತದವರು, ಕೂಡಲೇ ಕೇಳಿದರು: ‘ಶಾಲೆಗೆ ಹಾಕ್ತೀಯೋ, ಹಜೇರಿ ಪಟಕ್ಕ ಹಾಕ್ತೀಯೋ? ನಿನ್ನ ಜಾಗಾ ಉಳಸಾಕ ಅಂತಿದ್ದರ ಬ್ಯಾಡ. ಅಕಿ ಕೂಸು, ಅಂಕಿ ಅಲ್ಲ.’ ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಮಾತಿನಲ್ಲಿ ನಿಜವಿದ್ದುದಕ್ಕೆ. ಆ ರಾತ್ರಿ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಮುಂಜಾನೆ ಚಹಾ ಬಂತು, ಸಕ್ಕರೆ ಎಂದಿನಂತೆ ಜಾಸ್ತಿ.

ಯೋಚಿಸಿ ನೋಡಿದೆ. ನನ್ನ ತರಗತಿಯ ಮಕ್ಕಳಿಗೆ ಈ ಶಾಲೆ ಸಾಕು, ನನ್ನ ಮಗಳಿಗೆ ಸಾಲದು ಎಂದರೆ ನಾನು ದಿನಾ ಮಾಡುತ್ತಿರುವುದಾದರೂ ಏನು? ಭಾಷೆಯ ಭಯವೂ ನಿಜವಾದದ್ದಲ್ಲ. ನಮ್ಮ ಮಕ್ಕಳು ಓದುವುದು ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ. 1967ರಲ್ಲಿ ಶುರುವಾದ ಆ ಸಂಸ್ಥೆ ಮರಾಠಿ, ಉರ್ದು, ಗುಜರಾತಿ ಮೊದಲಾದವುಗಳ ಜೊತೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಜೊತೆಗೆ ಮರಾಠಿಯನ್ನೂ ಕಲಿಯುತ್ತಾರೆ. 2020ರ ಕಾಯ್ದೆಯಿಂದ ರಾಜ್ಯದ ಎಲ್ಲ ಶಾಲೆಗೂ ಮರಾಠಿ ಕಡ್ಡಾಯವಾಯಿತು, ನಮ್ಮ ಮಕ್ಕಳಿಗೆ ಅದು ಹೊಸದಲ್ಲ. ಮುಂದೆ ಕರ್ನಾಟಕದಲ್ಲಿ ಎಂಜಿನಿಯರಿಂಗ್ ಮುಂತಾದ್ದಕ್ಕೆ ಸಿಇಟಿ ಬರೆಯುವುದಾದರೆ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳ ಹೆಸರು ಆ ನಿಯಮದಲ್ಲೇ ಇವೆ. ಇದನ್ನು ತಿಳಿಯದೆ ಬಿಟ್ಟುಕೊಟ್ಟವರು ನಮ್ಮಲ್ಲಿ ಬಹಳ. ಆಯಾ ವರ್ಷದ ಕೈಪಿಡಿ ತರಿಸಿ ನೋಡಿರಿ ಎಂದು ಓದುಗ ಪಾಲಕರಿಗೆ ಹೇಳುತ್ತೇನೆ.

ಮಗಳನ್ನು ನಮ್ಮ ಶಾಲೆಗೇ ಹಾಕಿದೆವು. ಪಟದಲ್ಲಿ 61ನೆಯ ಹೆಸರು ಅವಳದು. ನಾಲ್ಕು ದಿನ ಬಿಟ್ಟು ಆ ತಾಯಿಯೂ ಹುಡುಗನನ್ನು ಕರೆತಂದರು. 62. ‘ಬಾಯಾರು ನೌಕರಿ ಉಳಿಸಿಕೊಂಡರು’ ಎಂದು ಅಂದವರೂ ಇದ್ದರು. ಬಾಯಿ ಮುಚ್ಚಿಸುವುದು ಹೇಗೆ? ಎರಡು ವರ್ಷಕ್ಕೆ ಕಾಲವೇ ಮುಚ್ಚಿಸಿತು. 2019ರಲ್ಲಿ ಕಬ್ಬು ಕಡಿಯಲು ಹೋದ ಕುಟುಂಬಗಳು ಮರಳಲಿಲ್ಲ, ಪಟ 60ರ ಕೆಳಗಿಳಿಯಿತು, ನಾನು ಅತಿರಿಕ್ತಳಾಗಿ ಪಕ್ಕದ ವಸ್ತಿಯ ಶಾಲೆಗೆ ಹೋದೆ. ಮಗಳು ಮಾತ್ರ ಅಲ್ಲೇ ಉಳಿದಳು. ‘ಅವ್ವಾ, ನೀ ಹೋಗು, ನನ್ನ ಗೆಳತ್ಯಾರು ಇಲ್ಲೇ ಅದಾರ’ ಅಂದಳು. ಯಜಮಾನರು ನನ್ನತ್ತ ನೋಡಿ ಏನೂ ಅನ್ನಲಿಲ್ಲ. ಆ ದಿನ ಅವರೇ ರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಉಪ್ಪು ಮರೆತಿದ್ದರು.

ಚುಕ್ಕಿ ಮತ್ತು ಚರಗ

ನಮ್ಮ ವರ್ಷದ ದೊಡ್ಡ ಸಂತೋಷ ಡಿಸೆಂಬರಿನದು. ಮರಾಠಿಯಲ್ಲಿ ‘ನಾತಾಳ’. ಬಿದಿರ ಕಡ್ಡಿಗೆ ಪತಂಗದ ಕಾಗದ ಅಂಟಿಸಿ ಚುಕ್ಕಿ ಮಾಡುತ್ತೇವೆ. ಓಣಿಯ ಹುಡುಗರೆಲ್ಲ ಅಂಟು ಮೆತ್ತಿದ ಕೈಯವರೇ. ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿ, ಚೂಡಾ, ಎಲ್ಲ ದೀಪಾವಳಿಯ ಸಾಮಾನೇ, ಒಂದೆರಡು ತಿಂಗಳು ತಡವಾಗಿ. ಅದೇ ಹೊತ್ತಿಗೆ ಹಿಂಗಾರಿ ಜೋಳ ಎದೆಯುದ್ದ ನಿಂತಿರುತ್ತದೆ, ಎಳ್ಳಮಾವಾಸ್ಯೆ ಬರುತ್ತದೆ. ‘ಬಾಯಾರ ಮನಿ ಚುಕ್ಕಿ ಹತ್ತಿತಂದ್ರ ಎಳ್ಳಮಾಸಿ ಸಮೀಪ ಬಂತು’ ಎಂಬುದು ನಮ್ಮ ಓಣಿಯ ಪಂಚಾಂಗ.

2019ರಲ್ಲಂತೂ ಕ್ರಿಸ್‌ಮಸ್ಸಿನ ಮರುದಿನ, ಡಿಸೆಂಬರ್ 26ಕ್ಕೇ ಅಮಾವಾಸ್ಯೆ. ಅಂದು ಮುಂಜಾನೆ ಸೂರ್ಯಗ್ರಹಣ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಬಂಗಾರದ ಬಳೆಯಂತೆ ಕಂಡ ಗ್ರಹಣ ಅದು. ನಮ್ಮಲ್ಲಿ ಕುಡುಗೋಲಿನಂತೆ ಕಂಡಿತು. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಬಿಳಿ ಗೋಡೆಯ ಮೇಲೆ ಬಿಂಬ ಬೀಳಿಸಿ ಓಣಿಯ ಮಕ್ಕಳಿಗೆ ತೋರಿಸಿದೆ. ಆಯಿ ಮನೆಯೊಳಗೇ ಕೂತಿದ್ದರು. ‘ಗ್ವಾಡಿ ಮ್ಯಾಲ ನೋಡಿದ್ರ ದೋಷ ಇಲ್ರಿ ಆಯಿ’ ಅಂದೆ. ಬಾಗಿಲ ಸಂದಿಯಿಂದ ಒಂದು ಸಲ ನೋಡಿ, ‘ಆತ ನಡಿ, ಸೂರ್ಯಗ ಯಾರೋ ಕಚ್ಚ್ಯಾರ’ ಎಂದರು. ಗ್ರಹಣ ಬಿಟ್ಟ ಮೇಲೆ ಎಲ್ಲರೂ ಮೈ ತೊಳೆದುಕೊಂಡು, ಬುತ್ತಿ ಕಟ್ಟಿ, ಬಂಡಿಯಲ್ಲಿ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಅವರು ಚರಗ ಚೆಲ್ಲಿ ಬಂದರು, ನಾವು ನಮ್ಮ ರೂಢಿಯಂತೆ ಕಣ್ಣು ಮುಚ್ಚಿ ಅನ್ನಕ್ಕಾಗಿ ದೇವರಿಗೆ ವಂದಿಸಿದೆವು. ಊಟದ ಎಲೆಯ ಮೇಲೆ ಹೋಳಿಗೆಯ ಪಕ್ಕ ನಮ್ಮ ಕರ್ಚಿಕಾಯಿಯೂ ಇತ್ತು. ಆಯಿ ಎರಡು ತಿಂದರು.

ಎರಡು ವರ್ಷದ ಕೆಳಗೆ ಆಯಿ ತೀರಿಕೊಂಡರು. ಮೊಮ್ಮಗ, ನಾನು ಮಗ್ಗಿ ಕಲಿಸಿದವನು, ದುಧನಿಯ ಬಜಾರದಲ್ಲಿ ತೊಗರಿ ಅಡತಿಯ ಲೆಕ್ಕ ಬರೆಯುತ್ತಾನೆ, ಕನ್ನಡದಲ್ಲೂ ಮರಾಠಿಯಲ್ಲೂ. ಬಾಡಿಗೆ ಏರಿಸುವುದಿಲ್ಲ. ‘ಅಜ್ಜಿ ಕರಾರ ಐತ್ರಿ’ ಎನ್ನುತ್ತಾನೆ.

ಮಲಗುವ ಮುಂಚಿನ ಪುಸ್ತಕ

ಅತ್ತೆಯವರು ನನಗೆ ಕೊಟ್ಟ ಮೊದಲ ಮರಾಠಿ ಪುಸ್ತಕ ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’. ಆಕೆಯ ಗಂಡ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದರು. ಆಕೆ ತಾನಾಗಿ ಒಪ್ಪಲು ಐದು ವರ್ಷ ಹಿಡಿಯಿತು. ಆ ಮನೆಯ ಜಗಳ, ನಗು, ಅಡಿಗೆ, ಸಾಲ ಎಲ್ಲ ಅದರಲ್ಲಿವೆ. ಗಂಡ ದೊಡ್ಡ ಕವಿ, ಆದರೆ ಮನೆಯನ್ನು ಬರೆದಿಟ್ಟವಳು ಹೆಂಡತಿ. ಟಿಳಕರು ಹುಟ್ಟಿದ್ದು ಕೊಂಕಣದ ರತ್ನಾಗಿರಿ ಜಿಲ್ಲೆಯ ಕರಜಗಾಂವದಲ್ಲಿ. ಇದನ್ನು ಓದಿದ ದಿನ ಯಜಮಾನರಿಗೆ ‘ನೋಡ್ರಿ, ನಿಮ್ಮವರದೂ ಒಂದು ಕರಜಗಿ’ ಎಂದೆ. ‘ಹಂಗಾದ್ರ ನಿಮ್ಮವ್ವಗ ಹೇಳು, ಪಿನ್ ಕೋಡ್ ಮರೀಬ್ಯಾಡ್ರಿ ಅಂತ’ ಎಂದರು.

ಮಗಳೀಗ ಹೈಸ್ಕೂಲಿನಲ್ಲಿದ್ದಾಳೆ, ಕನ್ನಡ ಮಾಧ್ಯಮದಲ್ಲೇ. ಕಣ್ಣು ಮಂಜಾದ ಅತ್ತೆಗೆ ರಾತ್ರಿ ಆ ಮರಾಠಿ ಪುಸ್ತಕ ಓದಿ ಹೇಳುವವಳು ಅವಳೇ. ಮರಾಠಿ ಶಾಲೆ ಬೇಕೆಂದಿದ್ದ ಅತ್ತೆ, ‘ಉಚ್ಚಾರ ನಿನ್ನ ಅಪ್ಪನಿಗಿಂತ ಛಲೋ’ ಎನ್ನುತ್ತಾರೆ. ಸಂಜೆ ಕಟ್ಟೆಗೆ ಕಾಗದ ತಂದವರು ಈಗ ‘ಸರ್ ಅದಾರೇನ್ರಿ?’ ಎಂದು ಕೇಳುವುದಿಲ್ಲ. ‘ಸಣ್ಣ ಬಾಯಾರು ಅದಾರೇನ್ರಿ?’ ಎನ್ನುತ್ತಾರೆ.